ನಮ್ಮ ಬರೋ (borough) ಪ್ಲಾನ್‌ನ ಮ್ಯಾಪ್ ನಾವೇ ಮಾಡ್ಕೊಳೋದು ಹೇಗೆ

ನಮ್ಮ ಮಕ್ಕಳ ಶನಿವಾರದ ಕನ್ನಡ ಕ್ಲಾಸ್ ನಡೆಯೋದು ಲಂಡನ್ನಿನ ಒಂದು ಹಳೇ ಕಮ್ಯುನಿಟಿ ಹಾಲ್‌ನಲ್ಲಿ. ಇಟ್ಟಿಗೆ ಗೋಡೆ, ಮಡಚೋ ಕುರ್ಚಿಗಳು, ಮೂಲೇಲಿ ಒಂದು ಪುಟ್ಟ ಅಡುಗೆಮನೆ, ರಾಜ್ಯೋತ್ಸವಕ್ಕೂ ಅದೇ ಯುಗಾದಿ ಊಟಕ್ಕೂ ಅದೇ. ಕೆಲವು ವರ್ಷದ ಹಿಂದೆ ಕೌನ್ಸಿಲ್‌ನವರು ಎಲ್ಲಿ ಏನು ಕಟ್ಟಬಹುದು ಅಂತ ಹೇಳೋ ಹೊಸ ಲೋಕಲ್ ಪ್ಲಾನ್‌ನ ಡ್ರಾಫ್ಟ್ ಬಿಟ್ರು, ಮುನ್ನೂರು ಚಿಲ್ಲರೆ ಪುಟದ ಪಿಡಿಎಫ್, ನಮ್ಮಲ್ಲಿ ಯಾರೂ ಓದ್ಲಿಲ್ಲ. ಪಕ್ಕದ ಬೀದೀಲಿರೋ ವಯಸ್ಸಾದ ಹೆಂಗಸೊಬ್ಬರು ಒಂದಿನ ಪ್ರಿಂಟ್ ತಗೊಂಡು ಬಂದು ತೋರಿಸಿದ್ರು: ಹಿಂದುಗಡೆ ಗೋದಾಮಿನ ಜಾಗದಲ್ಲಿ ಮನೆ ಕಟ್ಬಹುದು ಅಂತ ಎಳೆದಿದ್ದ ಕೆಂಪು ಗೆರೆ ನಮ್ಮ ಹಾಲ್‌ನೂ ಅದರ ಮುಂದಿನ ಅಂಗಳಾನೂ ಒಳಗೆ ಹಾಕ್ಕೊಂಡು ಹೋಗಿತ್ತು. ಕೆಳಗಿದ್ದ ಪಾಲಿಸಿ ಬರಹದಲ್ಲಿ ಹಾಲ್ ಅನ್ನೋ ಪದಾನೇ ಇರ್ಲಿಲ್ಲ.

ಪ್ಲಾನ್ ಅನ್ನೋದು ಮಾತಿನಲ್ಲಿರತ್ತೆ, ಆದ್ರೆ ನಮ್ಮ ಬೀದಿಗೆ ಅದು ಇಳಿಯೋದು ಗೆರೆಯಾಗಿ, ಇದು ನನಗೆ ಅವತ್ತು ಗೊತ್ತಾಯ್ತು. ಯಾವ ಪಾಲಿಸಿ ಯಾವ ಜಾಗದ ಮೇಲೆ ಕೂತಿದೆ ಅಂತ ಕಣ್ಣಿಗೆ ಕಾಣೋ ಹಾಗೆ ಮಾಡ್ಕೊಂಡ್ರೆ ಮಾತ್ರ ನಾವು ಬಾಯಿ ಬಿಡಕ್ಕಾಗೋದು. ಕೌನ್ಸಿಲ್‌ನವರು ಮ್ಯಾಪ್ ಕೊಡ್ತಾರೆ ನಿಜ, ಆದ್ರೆ ಅದು ಇಡೀ ಬರೋಗೆ, ಅಂದ್ರೆ ಆ ಕೌನ್ಸಿಲ್ ನೋಡ್ಕೊಳೋ ಅಷ್ಟೂ ಪ್ರದೇಶಕ್ಕೆ ಮಾಡಿದ್ದು, ಹತ್ತಾರು ಬಣ್ಣ ಒಂದರ ಮೇಲೊಂದು ಬಿದ್ದಿರತ್ತೆ. ನಿಮ್ಮ ಏರಿಯಾಗೆ, ನಿಮ್ಮ ಪ್ರಶ್ನೆಗೆ ಬೇಕಾದ ಮ್ಯಾಪ್ ನೀವೇ ಮಾಡ್ಕೋಬೇಕು. ದುಡ್ಡು ಖರ್ಚಿಲ್ಲ, ಒಂದು ಲ್ಯಾಪ್‌ಟಾಪ್, ನಾಲ್ಕೈದು ಸಂಜೆ, ಒಂದು ಭಾನುವಾರದ ನಡಿಗೆ, ಅಷ್ಟೇ. ಇದನ್ನ ಇಂಗ್ಲೆಂಡಲ್ಲಿರೋ ಕನ್ನಡದವರಿಗೆ ಅಂತ ಬರೀತಿದೀನಿ, ಊರಲ್ಲಿರೋರಿಗೂ ಮ್ಯಾಪ್ ಮಾಡೋ ಭಾಗ ಉಪಯೋಗ ಆಗತ್ತೆ.

ಉದಾಹರಣೆಗೆ ಲ್ಯಾಂಬೆತ್ ಬರೋನ ತಗೊಳ್ತೀನಿ, ನಮ್ಮ ಹಾಲ್ ಇರೋ ಬರೋ ಬೇರೆ. ಲ್ಯಾಂಬೆತ್ ಯಾಕೆ ಅಂದ್ರೆ ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ನಮ್ಮ ಬಸವಣ್ಣನ ಪುತ್ಥಳಿ ನಿಂತಿರೋದು ಅಲ್ಲೇ, 2015ರ ನವೆಂಬರ್ 14ಕ್ಕೆ ಪ್ರಧಾನಿ ಮೋದಿ ಅನಾವರಣ ಮಾಡಿದ್ದು, ಲ್ಯಾಂಬೆತ್‌ನ ಮಾಜಿ ಮೇಯರ್ ನೀರಜ್ ಪಾಟೀಲರು ಓಡಾಡಿ ಆಗುಮಾಡಿದ್ದು. ಇಲ್ಲಿರೋ ಬಹಳಷ್ಟು ಕನ್ನಡದವರಿಗೆ ಆ ಜಾಗ ಕಣ್ಣಿಗೆ ಕಟ್ಟಿದ ಹಾಗಿದೆ, ಹಾಗಾಗಿ ಮ್ಯಾಪ್ ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡಕ್ಕೆ ಅದಕ್ಕಿಂತ ಒಳ್ಳೇ ಗುರುತು ಸಿಗಲ್ಲ.

ಮೊದಲು ಈ ಪ್ಲಾನ್ ಏನು ಅಂತ ತಿಳ್ಕೊಳಿ

ಲಂಡನ್ನಲ್ಲಿ 32 ಬರೋಗಳು, ಜೊತೆಗೆ ಸಿಟಿ ಆಫ್ ಲಂಡನ್. ಈಗಿನ ಬರೋಗಳು ಶುರುವಾಗಿದ್ದು 1965ರ ಏಪ್ರಿಲ್ 1ಕ್ಕೆ. ಪ್ರತಿ ಬರೋಗೂ ತನ್ನದೇ ಲೋಕಲ್ ಪ್ಲಾನ್ ಇರತ್ತೆ, ಅದರ ಮೇಲೆ ಇಡೀ ನಗರಕ್ಕೆ ಮೇಯರ್ ಮಾಡೋ ಲಂಡನ್ ಪ್ಲಾನ್ ಇರತ್ತೆ, ಈಗ ನಡೀತಿರೋದು 2021ರದ್ದು. ಕೆಲವು ಕಡೆ ಜನಾನೇ ಸೇರಿ ಮಾಡಿದ ನೇಬರ್‌ಹುಡ್ ಪ್ಲಾನ್ ಕೂಡ ಇರತ್ತೆ. ಈ ಮೂರೂ ಸೇರಿದ್ರೆ ಡೆವಲಪ್‌ಮೆಂಟ್ ಪ್ಲಾನ್. ಯಾರಾದ್ರೂ ಕಟ್ಟಡಕ್ಕೆ ಅರ್ಜಿ ಹಾಕಿದ್ರೆ ಈ ಪ್ಲಾನ್ ಪ್ರಕಾರಾನೇ ತೀರ್ಮಾನ ಆಗ್ಬೇಕು, ಬೇರೆ ಬಲವಾದ ಕಾರಣ ಇದ್ರೆ ಮಾತ್ರ ಬಿಡಬಹುದು, ಇದು 2004ರ ಪ್ಲಾನಿಂಗ್ ಕಾಯ್ದೆಯ ಸೆಕ್ಷನ್ 38(6). ಆ ಒಂದು ಸೆಕ್ಷನ್‌ಗೋಸ್ಕರಾನೇ ನಾವು ಇಷ್ಟೆಲ್ಲಾ ಒದ್ದಾಡೋದು.

ಬೆಂಗಳೂರಿನ ಮಾಸ್ಟರ್ ಪ್ಲಾನ್ ನೋಡಿ ಅಭ್ಯಾಸ ಇರೋರು ಇಲ್ಲೊಂದು ತಪ್ಪು ಮಾಡ್ತೀವಿ. ಅಲ್ಲಿ ಪ್ರತಿ ಜಾಗಕ್ಕೂ ಒಂದು ಬಣ್ಣ, ಹಳದಿ ಅಂದ್ರೆ ವಸತಿ, ಬಣ್ಣ ನೋಡಿದ್ರೆ ಮುಗೀತು. ಇಲ್ಲಿ ಹಾಗಲ್ಲ, ಲಂಡನ್ನಿನ ಪಾಲಿಸಿ ಮ್ಯಾಪ್ ತೆಗೆದ್ರೆ ಸಾಲು ಸಾಲು ಮನೆ ಇರೋ ಬೀದಿಗಳೆಲ್ಲ ಬಿಳೀ ಬಿಳೀ ಕಾಣತ್ತೆ, ಬಣ್ಣಾನೇ ಇಲ್ಲ. ಬಿಳಿ ಅಂದ್ರೆ ಏನೂ ನಿಯಮ ಇಲ್ಲ ಅಂತ ಅಲ್ಲ, ಆ ಜಾಗಕ್ಕೆ ವಿಶೇಷ ಗುರುತು ಇಲ್ಲ ಅಂತ. ಇಡೀ ಬರೋಗೆ ಅನ್ವಯ ಆಗೋ ಪಾಲಿಸಿಗಳು, ಮನೆ ಗಾತ್ರ, ಪಾರ್ಕಿಂಗ್, ಮರ, ಇವೆಲ್ಲ ಬಿಳೀ ಜಾಗಕ್ಕೂ ಅನ್ವಯ ಆಗತ್ತೆ. ಬಣ್ಣ ಇರೋ ಕಡೆ ಅದರ ಮೇಲೆ ಇನ್ನೂ ಏನೋ ಇದೆ ಅಂತ ಅರ್ಥ.

ಆ ಬಣ್ಣಗಳಲ್ಲಿ ಎರಡು ಜಾತಿ. ಒಂದು ಡೆಸಿಗ್ನೇಷನ್, ಅಂದ್ರೆ ಕಾಪಾಡೋಕೆ ಅಥವಾ ಕಡಿವಾಣ ಹಾಕೋಕೆ ಮಾಡಿದ ಗುರುತು: ಕನ್ಸರ್ವೇಷನ್ ಏರಿಯಾ (ಹಳೇ ಸ್ವರೂಪ ಕಾಪಾಡೋ ಪ್ರದೇಶ), ಮೆಟ್ರೊಪಾಲಿಟನ್ ಓಪನ್ ಲ್ಯಾಂಡ್ (ನಗರದೊಳಗೆ ಕಾಪಾಡಿರೋ ಬಯಲು), ಕೈಗಾರಿಕೆ ಜಾಗ, ಟೌನ್ ಸೆಂಟರ್ ಗಡಿ, ಇಂಥವು. ಇನ್ನೊಂದು ಸೈಟ್ ಅಲೊಕೇಷನ್, ಅಂದ್ರೆ ಇಲ್ಲಿ ಇಂಥಾದ್ದು ಕಟ್ಟಿ ಅಂತ ಕೌನ್ಸಿಲ್ಲೇ ಮುಂದಾಗಿ ತೋರಿಸಿರೋದು. ನಮ್ಮ ಹಾಲ್ ಸಿಕ್ಕಿಹಾಕ್ಕೊಂಡಿದ್ದು ಎರಡನೇ ಜಾತಿಯಲ್ಲಿ. ನಿಮಗೆ ಟೈಮ್ ಕಡಿಮೆ ಇದ್ರೆ ಅಲೊಕೇಷನ್‌ಗಳನ್ನ ಮೊದಲು ನೋಡಿ, ಬೀದಿ ಬದಲಾಗೋದು ಅದರಿಂದಾನೇ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರಲ್ಲ. 2012ರ ಲೋಕಲ್ ಪ್ಲಾನಿಂಗ್ ನಿಯಮಗಳ 9ನೇ ನಿಯಮ ಮ್ಯಾಪ್ ಹೇಗಿರ್ಬೇಕು ಅಂತ ಹೇಳತ್ತೆ: ಆರ್ಡ್ನೆನ್ಸ್ ಸರ್ವೆ (ಇಲ್ಲಿನ ಸರ್ಕಾರಿ ಮ್ಯಾಪ್ ಸಂಸ್ಥೆ) ಮ್ಯಾಪ್ ಆಧಾರವಾಗಿರ್ಬೇಕು, ಬಳಸಿದ ಪ್ರತಿ ಗುರುತಿಗೂ ವಿವರಣೆ ಇರ್ಬೇಕು, ಪಾಲಿಸಿ ನೆಲದ ಮೇಲೆ ಎಲ್ಲಿ ಅನ್ವಯ ಆಗತ್ತೆ ಅಂತ ತೋರಿಸ್ಬೇಕು. ಮ್ಯಾಪಿಗೂ ಬರಹಕ್ಕೂ ತಕರಾರು ಬಂದ್ರೆ ಬರಹ ಹೇಳಿದ್ದೇ ಸರಿ. ಹಾಗಾಗಿ ಗೆರೆ ನೋಡಿದ ಕೂಡ್ಲೇ ಗಾಬರಿ ಆಗ್ಬೇಡಿ, ಸಮಾಧಾನಾನೂ ಮಾಡ್ಕೋಬೇಡಿ, ಆ ಗೆರೆ ಯಾವ ಪಾಲಿಸಿ ನಂಬರಿಂದು ಅಂತ ಹುಡುಕಿ ಅದರ ಬರಹ ಓದಿ.

ಪ್ರಶ್ನೆ ಒಂದು, ಗಡಿ ಒಂದು

ಇಡೀ ಬರೋ ಮ್ಯಾಪ್ ಮಾಡ್ತೀನಿ ಅಂತ ಕೂತ್ರೆ ಮೂರನೇ ದಿನಕ್ಕೆ ಸುಸ್ತಾಗಿ ಬಿಟ್ಬಿಡ್ತೀರಿ, ನಾನೂ ಮೊದಲನೇ ಸಲ ಹಾಗೇ ಬಿಟ್ಟಿದ್ದು. ಲ್ಯಾಂಬೆತ್ ಚಿಕ್ಕ ಬರೋ, 27 ಚದರ ಕಿಲೋಮೀಟರೂ ಇಲ್ಲ, ಆದ್ರೂ 2021ರ ಜನಗಣತಿ ಪ್ರಕಾರ ಮೂರು ಲಕ್ಷದ ಮೇಲೆ ಜನ ಇದಾರೆ, ಒಂದೊಂದು ಮೂಲೆಗೂ ಒಂದೊಂದು ಕಥೆ. ಒಂದು ಪ್ರಶ್ನೆ ಬರ್ಕೊಳಿ: ಈ ಹಾಲ್ ಉಳಿಯತ್ತಾ, ಈ ಅಂಗಡಿ ಸಾಲು ಮನೆಗಳಾಗತ್ತಾ, ಈ ಪಾರ್ಕ್ ಪಕ್ಕ ಇಪ್ಪತ್ತು ಅಂತಸ್ತು ಬರಬಹುದಾ, ಹೀಗೆ. ಆ ಪ್ರಶ್ನೆ ಸುತ್ತ ಹತ್ತು ಹದಿನೈದು ನಿಮಿಷದ ನಡಿಗೆಯ ಜಾಗಾನ ಪೆನ್ಸಿಲಲ್ಲಿ ಗುರುತು ಮಾಡಿ, ಅಷ್ಟೇ ನಿಮ್ಮ ಮ್ಯಾಪ್.

ಪ್ಲಾನ್ ಯಾವ ಹಂತದಲ್ಲಿದೆ ಅಂತಾನೂ ಈಗ್ಲೇ ನೋಡ್ಕೊಳಿ, ಇದು ಮುಖ್ಯ. ಕೌನ್ಸಿಲ್ ವೆಬ್‌ಸೈಟಲ್ಲಿ ಲೋಕಲ್ ಡೆವಲಪ್‌ಮೆಂಟ್ ಸ್ಕೀಮ್ ಅಂತ ಒಂದು ಟೈಮ್‌ಟೇಬಲ್ ಇರತ್ತೆ. ರೆಗ್ಯುಲೇಷನ್ 18 ಅಂತ ಬರೆದಿದ್ರೆ ಇನ್ನೂ ಶುರುವಿನ ಹಂತ, ಏನು ಬೇಕಾದ್ರೂ ಹೇಳಬಹುದು, ಗೆರೆ ಬದಲಾಗೋ ಸಾಧ್ಯತೆ ಜಾಸ್ತಿ. ರೆಗ್ಯುಲೇಷನ್ 19 ಅಂತಿದ್ರೆ ಕೌನ್ಸಿಲ್ ಮನಸ್ಸು ಮಾಡಿ ಆಗಿದೆ, ಕಮ್ಮಿ ಅಂದ್ರೆ 6 ವಾರ ಟೈಮ್ ಕೊಡ್ತಾರೆ, ಅಲ್ಲಿ ಮಾತಾಡ್ಬೇಕಾಗಿರೋದು ಕಾನೂನು ಪಾಲನೆ ಆಗಿದೆಯಾ, ಪ್ಲಾನ್ ಗಟ್ಟಿಯಾಗಿದೆಯಾ ಅನ್ನೋದರ ಮೇಲೆ. 2023ರ ಲೆವೆಲಿಂಗ್ ಅಪ್ ಕಾಯ್ದೆ ಆದ್ಮೇಲೆ ಈ ಪದ್ಧತೀನೇ ಬದಲಾಗ್ತಾ ಇದೆ, 30 ತಿಂಗಳಲ್ಲಿ ಪ್ಲಾನ್ ಮುಗಿಸೋ ಹೊಸ ಕ್ರಮ ಬರ್ತಿದೆ, ಹಾಗಾಗಿ ನಿಮ್ಮ ಬರೋ ಹಳೇ ದಾರೀಲಿದೆಯಾ ಹೊಸದರಲ್ಲಿದೆಯಾ ಅಂತ ಪಾಲಿಸಿ ಟೀಮಿಗೆ ಒಂದು ಈಮೇಲ್ ಹಾಕಿ ಕೇಳ್ಕೊಳಿ. ಲ್ಯಾಂಬೆತ್‌ನಲ್ಲಿ 2020ರಿಂದ 2035ರವರೆಗಿನ ಪ್ಲಾನ್ 2021ರ ಸೆಪ್ಟೆಂಬರ್‌ನಲ್ಲಿ ಅಂಗೀಕಾರ ಆಯ್ತು.

ಡೇಟಾ ಎಲ್ಲಿಂದ ತರೋದು

ಕೌನ್ಸಿಲ್‌ನ ಆನ್‌ಲೈನ್ ಮ್ಯಾಪ್ ಮೊದಲು ನೋಡಿ. ಕೆಲವರು ಜಿಐಎಸ್ ಫೈಲ್ (ಮ್ಯಾಪ್ ಸಾಫ್ಟ್‌ವೇರಲ್ಲಿ ತೆರೆಯೋ ಫೈಲ್) ಡೌನ್‌ಲೋಡ್ ಮಾಡಕ್ಕೆ ಬಿಡ್ತಾರೆ, ಕೆಲವರದ್ದು ಪಿಡಿಎಫ್ ಮಾತ್ರ. ಕೇಂದ್ರ ಸರ್ಕಾರದ ಪ್ಲಾನಿಂಗ್ ಡೇಟಾ ವೆಬ್‌ಸೈಟಲ್ಲಿ ಕನ್ಸರ್ವೇಷನ್ ಏರಿಯಾ, ಆರ್ಟಿಕಲ್ 4 (ಸಾಮಾನ್ಯವಾಗಿ ಅನುಮತಿ ಬೇಡದ ಬದಲಾವಣೆಗೂ ಅನುಮತಿ ಬೇಕು ಅನ್ನೋ ಆದೇಶ), ಬ್ರೌನ್‌ಫೀಲ್ಡ್ (ಹಿಂದೆ ಕಟ್ಟಿ ಬಳಸಿದ್ದ) ಜಾಗ ಇವೆಲ್ಲ ಒಂದೇ ಕಡೆ ಸಿಗತ್ತೆ, ಆದ್ರೆ ಎಲ್ಲಾ ಬರೋದೂ ಪೂರ್ತಿ ಇರಲ್ಲ, ಕೌನ್ಸಿಲ್ ಮ್ಯಾಪ್ ಜೊತೆ ತಾಳೆ ನೋಡ್ಲೇಬೇಕು. ಲಿಸ್ಟೆಡ್ ಕಟ್ಟಡಗಳು (ಕಾನೂನಿನ ರಕ್ಷಣೆ ಇರೋವು) ಹಿಸ್ಟಾರಿಕ್ ಇಂಗ್ಲೆಂಡ್‌ನಲ್ಲಿ, ಪ್ರವಾಹ ವಲಯ ಎನ್ವಿರಾನ್‌ಮೆಂಟ್ ಏಜೆನ್ಸೀಲಿ, ಬರೋ ಗಡಿ ಲಂಡನ್ ಡೇಟಾಸ್ಟೋರ್‌ನಲ್ಲಿ, ತಳದ ಮ್ಯಾಪ್ ಆರ್ಡ್ನೆನ್ಸ್ ಸರ್ವೆಯ ಓಪನ್ ಡೇಟಾದಲ್ಲಿ. ಇದೆಲ್ಲ ಹೆಚ್ಚುಕಮ್ಮಿ ಓಪನ್ ಗವರ್ನ್‌ಮೆಂಟ್ ಲೈಸೆನ್ಸ್, ಮ್ಯಾಪಿನ ಕೆಳಗೆ ಮೂಲ ಬರೆದ್ರೆ ಸಾಕು. ಗೂಗಲ್ ಮ್ಯಾಪ್ ಮೇಲೆ ಕೂತು ಗೆರೆ ಎಳೀಬೇಡಿ, ಅದಕ್ಕೆ ಅನುಮತಿ ಇಲ್ಲ, ಓಪನ್‌ಸ್ಟ್ರೀಟ್‌ಮ್ಯಾಪ್ ಆದ್ರೆ ಪರವಾಗಿಲ್ಲ.

ಕೌನ್ಸಿಲ್ ಹತ್ರ ಫೈಲ್ ಇದ್ದೂ ಹಾಕಿಲ್ಲ ಅಂದ್ರೆ ಮೊದಲು ವಿನಯವಾಗಿ ಕೇಳಿ, ಎಷ್ಟೋ ಸಲ ಆ ಟೀಮಿನ ಹುಡುಗರು ಖುಷಿಯಾಗಿ ಕಳಿಸ್ತಾರೆ. ಕಳಿಸ್ಲಿಲ್ಲ ಅಂದ್ರೆ 2004ರ ಎನ್ವಿರಾನ್‌ಮೆಂಟಲ್ ಇನ್ಫರ್ಮೇಷನ್ ನಿಯಮದಡಿ ಕೇಳಿ, ನಮ್ಮೂರಿನ ಆರ್‌ಟಿಐ ಇದ್ದ ಹಾಗೆ, ಸಾಮಾನ್ಯವಾಗಿ 20 ಕೆಲಸದ ದಿನದೊಳಗೆ ಉತ್ತರ ಕೊಡ್ಬೇಕು. 6 ವಾರದ ಕನ್ಸಲ್ಟೇಷನ್ನಲ್ಲಿ 20 ಕೆಲಸದ ದಿನ ಅಂದ್ರೆ 4 ವಾರ ಹೋಯ್ತು, ಅದಕ್ಕೇ ಮೊದಲನೇ ದಿನಾನೇ ಕೇಳಿ.

ಕ್ಯೂಜಿಐಎಸ್‌ನಲ್ಲಿ ಕೂರಿಸೋದು

ಕ್ಯೂಜಿಐಎಸ್ ಅನ್ನೋ ಮ್ಯಾಪ್ ಮಾಡೋ ಸಾಫ್ಟ್‌ವೇರ್ ಪೂರ್ತಿ ಉಚಿತ, ಅದನ್ನ ಹಾಕ್ಕೊಳಿ. ಪ್ರಾಜೆಕ್ಟ್ ತೆರೆದ ಕೂಡ್ಲೇ ಮಾಡ್ಬೇಕಾದ್ದು ಕೋಆರ್ಡಿನೇಟ್ ಸಿಸ್ಟಮ್, ಅಂದ್ರೆ ಜಾಗಾನ ಅಂಕಿಯಲ್ಲಿ ಹೇಳೋ ಕ್ರಮ, ಸರಿ ಮಾಡೋದು, ಬ್ರಿಟಿಷ್ ನ್ಯಾಷನಲ್ ಗ್ರಿಡ್, ನಂಬರ್ 27700. ಇದರಲ್ಲಿ ಅಳತೆ ಮೀಟರಲ್ಲೇ ಬರತ್ತೆ. ನಿಮ್ಮ ಫೋನ್ ಕೊಡೋ ಅಕ್ಷಾಂಶ ರೇಖಾಂಶ ಬೇರೆ ಸಿಸ್ಟಮ್, ನಂಬರ್ 4326. ಎರಡನ್ನೂ ಕ್ಯೂಜಿಐಎಸ್ ತಾನೇ ಹೊಂದಿಸತ್ತೆ, ಆದ್ರೆ ಯಾವ ಲೇಯರ್ (ಮ್ಯಾಪಿನ ಒಂದು ಪದರ) ಯಾವುದರಲ್ಲಿದೆ ಅಂತ ಅದಕ್ಕೆ ಸರಿಯಾಗಿ ಗೊತ್ತಿದ್ರೆ ಮಾತ್ರ. ಇಲ್ಲಿ ಎರಡು ಬಟನ್ ಇದೆ, ಲೇಯರಿಗೆ ಸಿಸ್ಟಮ್ ಹೆಸರು ಕೊಡೋದು ಒಂದು, ಲೇಯರನ್ನ ಇನ್ನೊಂದು ಸಿಸ್ಟಮ್‌ಗೆ ಪರಿವರ್ತನೆ ಮಾಡೋದು ಇನ್ನೊಂದು. ಹೆಸರು ಬದಲಾಯಿಸಿದ್ರೆ ಪರಿವರ್ತನೆ ಆಗಲ್ಲ. ಫೋನಿನ ಪಾಯಿಂಟಿಗೆ 27700 ಅಂತ ಹೆಸರು ಕೊಟ್ಟುಬಿಟ್ರೆ 51 ಡಿಗ್ರೀನ 51 ಮೀಟರ್ ಅಂತ ತಿಳ್ಕೊಂಡು ನಿಮ್ಮ ಬೀದೀನ ಸಿಲಿ ದ್ವೀಪಗಳ ಆಚೆ ಸಮುದ್ರದಲ್ಲಿ ಇಡತ್ತೆ. ಅದು ಪರವಾಗಿಲ್ಲ, ತಕ್ಷಣ ಗೊತ್ತಾಗತ್ತೆ. ಅಪಾಯ ಇರೋದು ಸುಮಾರು ನೂರು ಮೀಟರ್ ಜಾರೋ ತಪ್ಪಲ್ಲಿ, ಎರಡು ಸಿಸ್ಟಮ್ ನಡುವಿನ ಪರಿವರ್ತನೆ ಸರಿಯಾಗಿ ಆಗದೇ ಇದ್ರೆ ಹಾಗಾಗತ್ತೆ, ನೋಡಕ್ಕೆ ಎಲ್ಲಾ ಸರಿ ಇದ್ದ ಹಾಗೆ ಇರತ್ತೆ ಆದ್ರೆ ಎದುರು ಬೀದಿ ಪಾಲಿಸಿ ನಿಮ್ಮ ಮನೆ ಮೇಲೆ ಕೂತಿರತ್ತೆ.

ಅದಕ್ಕೇ ಬಸವಣ್ಣನ ಪಾಯಿಂಟ್. ಪುತ್ಥಳಿ ಹತ್ರ ನಿಂತು ಫೋನಲ್ಲಿ ತಗೊಂಡ ಪಾಯಿಂಟನ್ನ ಮ್ಯಾಪಿಗೆ ಹಾಕಿ ಹತ್ತಿರಕ್ಕೆ ಜೂಮ್ ಮಾಡಿ ನೋಡಿ. ಪಶ್ಚಿಮಕ್ಕೆ ಥೇಮ್ಸ್, ಪೂರ್ವಕ್ಕೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ರಸ್ತೆ, ನಡುವೆ ಒಂದು ಸಣ್ಣ ಪಟ್ಟಿ ಉದ್ಯಾನ, ಪಾಯಿಂಟ್ ಆ ಪಟ್ಟಿ ಮೇಲೇ ಬೀಳ್ಬೇಕು. ನೂರು ಮೀಟರ್ ಜಾರಿದ್ರೆ ಒಂದೋ ನೀರಿನ ಕಡೆ ಹೋಗಿರತ್ತೆ ಇಲ್ಲಾ ರಸ್ತೆ ಆಚೆ ಕಟ್ಟಡದ ಕಡೆ ಹೋಗಿರತ್ತೆ, ಮರೆಯಾಗಕ್ಕೆ ಸಾಧ್ಯಾನೇ ಇಲ್ಲ. ನಿಮ್ಮ ಏರಿಯಾದಲ್ಲೂ ಇಂಥಾ ಒಂದು ಗುರುತು ಹುಡುಕ್ಕೊಳಿ, ಚರ್ಚಿನ ಮೂಲೆ, ಸೇತುವೆಯ ತುದಿ, ಯಾವುದಾದ್ರೂ ಸರಿ.

ಪಿಡಿಎಫ್ ಮಾತ್ರ ಇದ್ರೆ ಜಿಯೋರೆಫರೆನ್ಸರ್ ಬಳಸಿ. ಪಿಡಿಎಫ್ ಪುಟಾನ ಚಿತ್ರ ಮಾಡಿ, ಚಿತ್ರದಲ್ಲಿರೋ ಆರೇಳು ಜಾಗಾನ ನಿಜವಾದ ಮ್ಯಾಪಿನ ಅದೇ ಜಾಗಕ್ಕೆ ಜೋಡಿಸಿ. ರಸ್ತೆ ಮೂಲೆ, ರೈಲ್ವೆ ಸೇತುವೆ, ಕಟ್ಟಡದ ಮೂಲೆ ಇಂಥವನ್ನೇ ಹಿಡೀರಿ, ನಾಲ್ಕೂ ದಿಕ್ಕಿಗೂ ಹರಡಿರ್ಲಿ, ಒಂದೇ ಮೂಲೇಲಿ ಗುಂಪಾಗಿದ್ರೆ ಇನ್ನೊಂದು ಮೂಲೆ ತಿರುಚ್ಕೊಳತ್ತೆ. ಆಮೇಲೆ ಗೆರೆ ಮೇಲೆ ನಿಧಾನವಾಗಿ ಪಾಲಿಗನ್ (ಮುಚ್ಚಿದ ಆಕಾರ) ಎಳೀರಿ. ಕೌನ್ಸಿಲ್‌ನ ದಪ್ಪ ಗೆರೆ ನಿಮ್ಮ ಮ್ಯಾಪಲ್ಲಿ ಐದಾರು ಮೀಟರ್ ಅಗಲ ಇರಬಹುದು, ಅದರ ಒಳಗಂಚು ಹಿಡೀಬೇಕೋ ಹೊರಗಂಚೋ ಅಂತ ಅನುಮಾನ ಬಂದ್ರೆ ಆ ಅನುಮಾನಾನೇ ಬರೆದಿಡಿ, ಕೌನ್ಸಿಲ್‌ನ ಕೇಳೋ ಪ್ರಶ್ನೆ ಅದು.

ಟೇಬಲ್‌ನಲ್ಲೇ ಇರೋದು ಜೀವ

ಬಣ್ಣ ಹಚ್ಚೋಕೆ ಆತುರ ಆಗತ್ತೆ, ತಡ್ಕೊಳಿ. ಪ್ರತಿ ಪಾಲಿಗನ್ ಹಿಂದೆ ಒಂದು ಟೇಬಲ್ ಇರತ್ತಲ್ಲ, ಅದನ್ನ ತುಂಬಿಸೋದೇ ನಿಜವಾದ ಕೆಲಸ. ನಾನು ಇಡೋ ಕಾಲಂಗಳು: ಪಾಲಿಸಿ ನಂಬರ್, ಯಾವ ಪ್ಲಾನಿಂದು, ಅಂಗೀಕಾರ ಆಗಿದೆಯಾ ಡ್ರಾಫ್ಟಾ, ಪುಟ, ಅದು ಏನನ್ನ ಬಿಡತ್ತೆ, ಏನನ್ನ ತಡಿಯತ್ತೆ, ಯಾವ ಷರತ್ತಿಗೆ ಸಡಿಲ ಆಗತ್ತೆ, ಈಗ ಅಲ್ಲಿ ಏನಿದೆ. ಕೊನೇದಕ್ಕಿಂತ ಹಿಂದಿನ ಕಾಲಂ ಯಾರೂ ಇಡಲ್ಲ, ಅದೇ ಮುಖ್ಯ. ಪಾಲಿಸೀಲಿ ಮೊದಲನೇ ಸಾಲು ಕಾಪಾಡ್ತೀವಿ ಅಂತ ಇರತ್ತೆ, ಕೆಳಗೆ ಇಂಗ್ಲಿಷಿನ ಅನ್‌ಲೆಸ್ ಅನ್ನೋ ಒಂದು ಪದ ಕೂತಿರತ್ತೆ. ಇಂಥಾದ್ದು ತೋರಿಸಿದ್ರೆ, ಇಂಥಾ ಕಾಲ ಖಾಲಿ ಇದ್ರೆ, ಬೇರೆ ಕಡೆ ಕಟ್ಟಿಕೊಟ್ರೆ, ಅಂತ. ಆ ಪದ ಸಿಕ್ಕ ಕಡೆಯೆಲ್ಲ ಕೆಳಗೆ ಗೆರೆ ಹಾಕಿ ಟೇಬಲ್ಲಿಗೆ ಎತ್ಕೊಳಿ, ನಿಮ್ಮ ವಾದ ಎಲ್ಲಾ ಅಲ್ಲೇ ಇರತ್ತೆ.

ಮಾತು ಹೇಗೆ ಗೆರೆ ಆಗತ್ತೆ ಅಂತ ಒಂದು ಉದಾಹರಣೆ ಕೊಡ್ತೀನಿ. ಲಂಡನ್ ಪ್ಲಾನಿನ ಇ9 ಪಾಲಿಸಿ, ಶಾಲೆ ಹತ್ರ ಹೊಸ ಟೇಕ್‌ಅವೇ ಅಂಗಡಿ ಬೇಡ ಅನ್ನತ್ತೆ, 400 ಮೀಟರ್. ಎಲ್ಲರೂ ಏನು ಮಾಡ್ತಾರೆ ಅಂದ್ರೆ ಶಾಲೆ ಕಟ್ಟಡದ ನಡುವೆ ಒಂದು ಚುಕ್ಕಿ ಇಟ್ಟು 400 ಮೀಟರಿನ ವೃತ್ತ ಎಳೀತಾರೆ, ಎಷ್ಟು ಸುಲಭ. ಆದ್ರೆ ಪಾಲಿಸಿ ಓದಿ, ಅದು ಹೇಳ್ತಿರೋದು ನಡೆಯೋ ದೂರ, ಅದೂ ಶಾಲೆಯ ಗೇಟಿಂದ, ಇರೋ ಶಾಲೆ ಮಾತ್ರ ಅಲ್ಲ ಬರಬೇಕಾಗಿರೋ ಶಾಲೆಗೂ. ವಾಟರ್ಲೂ ಸ್ಟೇಷನ್ನಿಗೆ ಹೋಗೋ ರೈಲ್ವೆ ಕಮಾನುಗಳ ಸಾಲು ಲ್ಯಾಂಬೆತ್‌ನ ಉತ್ತರ ಭಾಗಾನ ಉದ್ದಕ್ಕೆ ಸೀಳ್ಕೊಂಡು ಹೋಗತ್ತೆ, ಎದುರಿಗೇ ಕಾಣೋ ಅಂಗಡಿಗೆ ಸೇತುವೆ ಕೆಳಗಿನ ದಾರಿ ಹುಡುಕ್ಕೊಂಡು ಸುತ್ತಿ ಹೋಗ್ಬೇಕು. ವೃತ್ತ ಎಳೆದೋರ ಮ್ಯಾಪಲ್ಲಿ ಅದು ಒಳಗೆ, ಗೇಟಿಂದ ಕಾಲಲ್ಲಿ ಅಳೆದೋರ ಮ್ಯಾಪಲ್ಲಿ ಹೊರಗೆ. ಕ್ಯೂಜಿಐಎಸ್‌ನಲ್ಲಿ ನೆಟ್‌ವರ್ಕ್ ಅನಾಲಿಸಿಸ್ ಅಂತ ಒಂದು ಟೂಲ್ ಇದೆ, ರಸ್ತೆ ಗೆರೆಗಳ ಮೇಲೆ ದೂರ ಅಳೆಯತ್ತೆ, ಅದನ್ನ ಬಳಸಿ, ಗೇಟ್ ಎಲ್ಲಿದೆ ಅಂತ ಹೋಗಿ ನೋಡ್ಕೊಂಡು ಬನ್ನಿ. ಮುಂದಿನ ಗೇಟ್ ಒಂದು ಬೀದೀಲಿ, ಹಿಂದಿನ ಗೇಟ್ ಇನ್ನೊಂದು ಬೀದೀಲಿ ಇರತ್ತೆ ಬಹಳ ಶಾಲೆಗಳಿಗೆ.

ಈಗ ಭಾನುವಾರದ ನಡಿಗೆ

ಈಗ ಅಲ್ಲಿ ಏನಿದೆ ಅನ್ನೋ ಕಾಲಂ ಕೂತಲ್ಲೇ ತುಂಬಲ್ಲ. ಒಂದು ಪ್ರಿಂಟ್, ಒಂದು ಪೆನ್, ಜೊತೆಗೊಬ್ಬರು, ಪ್ರತಿ ಕಟ್ಟಡ ನೋಡ್ಕೊಂಡು ಹೋಗಿ. ಇಲ್ಲಿ ಬಳಕೆಗೆ ಯೂಸ್ ಕ್ಲಾಸ್ ಅಂತ ಅಕ್ಷರಗಳಿವೆ: ಮನೆ ಸಿ3, ಮೂರರಿಂದ ಆರು ಜನ ಹಂಚ್ಕೊಂಡಿರೋ ಮನೆ ಸಿ4, ಕಾರ್ಖಾನೆ ಬಿ2, ಗೋದಾಮು ಬಿ8, ಶಾಲೆ ಮತ್ತೆ ದೇವಸ್ಥಾನ ಚರ್ಚು ಮಸೀದಿ ಎಫ್1, ಊರಿನವರ ಸಭಾಂಗಣ ಎಫ್2, ಪಬ್ಬು ಟೇಕ್‌ಅವೇ ಸಿನಿಮಾ ಯಾವುದಕ್ಕೂ ಸೇರದ ಗುಂಪು. 2020ರ ಸೆಪ್ಟೆಂಬರ್ 1ರಿಂದ ಅಂಗಡಿ, ಊಟದ ಹೋಟ್ಲು, ಆಫೀಸು, ಕ್ಲಿನಿಕ್ಕು, ಶಿಶುವಿಹಾರ, ಜಿಮ್ಮು ಎಲ್ಲಾನೂ ಇ ಅನ್ನೋ ಒಂದೇ ಕ್ಲಾಸಿಗೆ ಹಾಕಿಬಿಟ್ರು, ಒಂದರಿಂದ ಇನ್ನೊಂದಕ್ಕೆ ಬದಲಾಯಿಸಕ್ಕೆ ಸಾಮಾನ್ಯವಾಗಿ ಅನುಮತಿ ಬೇಡ. ಹಾಗಾಗಿ ಬರೀ ಇ ಅಂತ ಬರೆದ್ರೆ ನಿಮ್ಮ ಮ್ಯಾಪ್ ಏನೂ ಹೇಳಲ್ಲ, ತರಕಾರಿ ಅಂಗಡಿ, ಡೆಂಟಿಸ್ಟು, ಅಂತಾನೇ ಬರೀರಿ, ಅಕ್ಷರ ಪಕ್ಕದ ಕಾಲಂಗೆ.

ಇನ್ನೊಂದು, ಕಟ್ಟಡ ಮೇಲಕ್ಕೆ ಬೆಳೆದಿರತ್ತೆ ಆದ್ರೆ ಮ್ಯಾಪ್ ಚಪ್ಪಟೆ. ಕೆಳಗೆ ಇಡ್ಲಿ ಹಿಟ್ಟು ಕರಿಬೇವು ಮಾರೋ ಅಂಗಡಿ, ಮೇಲೆ ಎರಡು ಅಂತಸ್ತು ಮನೆ, ಹಿಂದೆ ಗೋದಾಮು. ಒಂದೇ ಬಣ್ಣ ಕೊಟ್ರೆ ಮೇಲಿನ ಆರು ಸಂಸಾರ ಮ್ಯಾಪಿಂದ ಮಾಯ. ಕೆಳ ಅಂತಸ್ತಿಗೊಂದು ಮೇಲಿನದಕ್ಕೊಂದು ಕಾಲಂ ಇಡಿ. ಮನೆ ಇದೆ ಅಂತ ಹೇಗೆ ಗೊತ್ತಾಗತ್ತೆ ಅಂದ್ರೆ ಬಾಗಿಲ ಪಕ್ಕ ಕಾಲಿಂಗ್ ಬೆಲ್ ಎಷ್ಟಿದೆ, ಕಸದ ಡಬ್ಬ ಎಷ್ಟಿದೆ, ಕಿಟಕೀಲಿ ಪರದೆ ಇದೆಯಾ ನೋಡಿ. ಯಾರ ಹೆಸರೂ ಬರ್ಕೋಬೇಡಿ, ಒಳಗೆ ಇಣುಕಬೇಡಿ, ಬೀದಿಯಿಂದ ಕಾಣೋದಷ್ಟೇ ಸಾಕು.

ನಮ್ಮ ಹಾಲ್ ವಿಷಯದಲ್ಲಿ ಕೆಲಸಕ್ಕೆ ಬಂದಿದ್ದು ಇದೇ ನಡಿಗೆ. ಡ್ರಾಫ್ಟ್ ಪ್ಲಾನಲ್ಲಿ ಈಗಿನ ಬಳಕೆ ಅನ್ನೋ ಕಡೆ ಗೋದಾಮು ಮತ್ತು ವಾಹನ ನಿಲುಗಡೆ ಅಂತ ಮಾತ್ರ ಇತ್ತು. ನಾವು ಅಂಗಳಾನ ಟೇಪಲ್ಲಿ ಅಳೆದ್ವಿ, ಹಾಲಿನ ನೋಟಿಸ್ ಬೋರ್ಡಲ್ಲಿದ್ದ ವಾರದ ವೇಳಾಪಟ್ಟಿ ಫೋಟೋ ತೆಗೆದ್ವಿ: ಸೋಮವಾರ ವಯಸ್ಸಾದವರ ವ್ಯಾಯಾಮ, ಬುಧವಾರ ಫುಡ್‌ಬ್ಯಾಂಕ್, ಶುಕ್ರವಾರ ಮಕ್ಕಳ ಗುಂಪು, ಶನಿವಾರ ನಾವು.

ಒಂದರ ಮೇಲೊಂದು ಇಟ್ಟು ನೋಡೋದು

ಈಗ ಎಲ್ಲಾ ಲೇಯರ್ ಒಟ್ಟಿಗೆ ತೆರೀರಿ. ಇಂಟರ್‌ಸೆಕ್ಷನ್ ಅನ್ನೋ ಟೂಲ್ ಎರಡು ಲೇಯರ್ ಎಲ್ಲಿ ಕೂಡತ್ತೆ ಅಂತ ಕತ್ತರಿಸಿ ಕೊಡತ್ತೆ. ಪ್ರತಿ ಸೈಟ್ ಅಲೊಕೇಷನ್ನೂ ಯಾವ ಯಾವ ಡೆಸಿಗ್ನೇಷನ್ ಜೊತೆ ಕೂಡತ್ತೆ ಅಂತ ಪಟ್ಟಿ ತೆಗೀರಿ. ಬಸವಣ್ಣ ನಿಂತಿರೋ ಆ ಪಟ್ಟಿ ಜಾಗಾನೇ ನೋಡಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಕನ್ಸರ್ವೇಷನ್ ಏರಿಯಾ, ನದಿ ಪಕ್ಕದ್ದಾಗಿದ್ದಕ್ಕೆ ಪ್ರವಾಹ ವಲಯ 3, ಕೇಂದ್ರ ಲಂಡನ್ನಿನ ಚಟುವಟಿಕೆ ವಲಯ, ನದಿ ಆಚೆ ದಡದಲ್ಲಿ ವಿಶ್ವಪರಂಪರೆ ತಾಣವಾದ ಪಾರ್ಲಿಮೆಂಟ್ ಕಟ್ಟಡ ಇರೋದ್ರಿಂದ ಆ ನೋಟ ಕೆಡಿಸಬಾರದು ಅನ್ನೋ ಕಾಳಜಿ. ಕೈಯಗಲದ ಜಾಗಕ್ಕೆ ಇಷ್ಟು ಪದರ.

ಪ್ರವಾಹ ವಲಯ ಓದೋವಾಗ ಒಂದು ನೆನಪಿರ್ಲಿ, ಈ ವಲಯಗಳನ್ನ ತಡೆಗೋಡೆಗಳು ಇಲ್ಲಾ ಅಂದ್ಕೊಂಡು ಎಳೆದಿರ್ತಾರೆ. ಥೇಮ್ಸ್ ಬ್ಯಾರಿಯರ್ 1980ರ ದಶಕದಿಂದ ಕೆಲಸ ಮಾಡ್ತಿದ್ರೂ ಲ್ಯಾಂಬೆತ್‌ನ ಉತ್ತರ ಭಾಗ ವಲಯ 3ರಲ್ಲಿ ಕಾಣೋದು ಅದಕ್ಕೇ. ಹಾಗಂತ ನೀಲಿ ಬಣ್ಣ ನೋಡಿ ಇಲ್ಲಿ ಕಟ್ಟಲೇಬಾರದು ಅಂತ ಬರೆದ್ರೆ ಯಾರೂ ಒಪ್ಪಲ್ಲ. ಕೇಳ್ಬೇಕಾದ್ದು, ಕಡಿಮೆ ಅಪಾಯದ ಜಾಗ ಮೊದಲು ಹುಡುಕಿದೀರಾ, ಆ ಸೀಕ್ವೆನ್ಶಿಯಲ್ ಟೆಸ್ಟ್ ಎಲ್ಲಿದೆ, ಅಂತ.

ಸೈಟಿನ ವಿಸ್ತೀರ್ಣಾನೂ ಲೆಕ್ಕ ಹಾಕಿ, ಫೀಲ್ಡ್ ಕ್ಯಾಲ್ಕುಲೇಟರಲ್ಲಿ ಚದರ ಮೀಟರ್ ಬರತ್ತೆ, 10,000ದಿಂದ ಭಾಗಿಸಿದ್ರೆ ಹೆಕ್ಟೇರ್. 0.25 ಹೆಕ್ಟೇರಿಗಿಂತ ಕಮ್ಮಿ ಇದ್ರೆ ಲಂಡನ್ ಪ್ಲಾನಿನ ಸಣ್ಣ ಸೈಟ್ ಪಾಲಿಸಿ ಅನ್ವಯ ಆಗತ್ತೆ. ನೆಲ ಯಾರದ್ದು ಅನ್ನೋದೂ ಮುಖ್ಯ, ಕೈಗೆಟುಕೋ ಮನೆಗಳ ಪಾಲು ಸಾಮಾನ್ಯ ಜಾಗದಲ್ಲಿ 35 ಪರ್ಸೆಂಟ್ ತೋರಿಸಿದ್ರೆ ಅರ್ಜಿಗೆ ವೇಗದ ದಾರಿ ಸಿಗತ್ತೆ, ಸರ್ಕಾರಿ ಜಾಗ ಆದ್ರೆ ಸಾಮಾನ್ಯವಾಗಿ 50 ಪರ್ಸೆಂಟ್, ಇದು 2021ರ ಪ್ಲಾನಲ್ಲಿರೋ ಲೆಕ್ಕ. ಬಸ್ಸು ರೈಲು ಎಷ್ಟು ಹತ್ರ ಅನ್ನೋದಕ್ಕೆ ಲಂಡನ್ ಸಾರಿಗೆ ಸಂಸ್ಥೆ ಟಿಎಫ್‌ಎಲ್‌ನವರ ಪಿಟಿಎಎಲ್ ಅನ್ನೋ ಅಂಕ ಇದೆ, 0ಯಿಂದ 6ಬಿವರೆಗೆ, ಅಂಕ ಜಾಸ್ತಿ ಇದ್ದಷ್ಟೂ ದಟ್ಟವಾಗಿ ಕಟ್ಟಿ ಅನ್ನೋ ಒತ್ತಡ ಜಾಸ್ತಿ. ಕೈಗಾರಿಕೆ ಜಾಗಗಳಿಗೆ ಲ್ಯಾಂಬೆತ್‌ನವರು ಕೀಬಾ ಅಂತ ಹೆಸರಿಟ್ಟಿದಾರೆ, ಬೇರೆ ಬರೋದಲ್ಲಿ ಬೇರೆ ಹೆಸರು. ಗ್ಯಾರೇಜು, ಬೇಕರಿ, ಕೇಟರಿಂಗ್ ಅಡುಗೆಮನೆ ಇಂಥಾ ಕಡೆ ನಡೆಯೋದು, ಪಕ್ಕದಲ್ಲಿ ಹೊಸ ಫ್ಲಾಟ್ ಬಂದ್ರೆ ಆಮೇಲೆ ಗಲಾಟೆ ಶಬ್ದ ಅಂತ ದೂರು ಬರತ್ತೆ. ಲಂಡನ್ ಪ್ಲಾನಿನ ಡಿ13 ಪ್ರಕಾರ ಶಬ್ದ ತಡಿಯೋ ಜವಾಬ್ದಾರಿ ಹೊಸದಾಗಿ ಬರೋರದ್ದು. ಎರಡು ಲೇಯರ್ ಅಂಟ್ಕೊಂಡಿರೋ ಅಂಚನ್ನೆಲ್ಲ ಈ ದೃಷ್ಟಿಯಿಂದ ಒಂದ್ಸಲ ನೋಡಿ.

ಬಣ್ಣ, ಅಚ್ಚು

ಇದರ ಬಗ್ಗೆ ಜಾಸ್ತಿ ಹೇಳಲ್ಲ. ಒಂದು ಮ್ಯಾಪಲ್ಲಿ ಆರೇಳು ಲೇಯರಿಗಿಂತ ಜಾಸ್ತಿ ಬೇಡ. ಈಗಿನ ಬಳಕೆಗೆ ತುಂಬು ಬಣ್ಣ, ಪಾಲಿಸಿಗೆ ಓರೆ ಗೀಟು ಅಥವಾ ಬರೀ ಅಂಚು, ಆಗ ಎರಡೂ ಒಟ್ಟಿಗೆ ಕಾಣತ್ತೆ. ಕೆಂಪು ಹಸಿರು ಎರಡರ ಮೇಲೇ ನಂಬ್ಕೋಬೇಡಿ, ಅದನ್ನ ಬೇರೆ ಮಾಡಿ ನೋಡಕ್ಕಾಗದ ಜನ ಬಹಳ ಇದಾರೆ. ಉತ್ತರದ ಬಾಣ, ಅಳತೆ ಪಟ್ಟಿ, ತಾರೀಖು, ಡೇಟಾದ ಮೂಲ, ಇಷ್ಟು ಇರ್ಲೇಬೇಕು. ಎ3 ಹಾಳೇಲಿ ಅಚ್ಚು ಹಾಕಿ ನಿಮ್ಮ ಅಮ್ಮನಿಗೋ ಪಕ್ಕದ ಮನೆಯವರಿಗೋ ತೋರಿಸಿ, ನಮ್ಮ ಮನೆ ಎಲ್ಲಿ ಅಂತ ಅವರು ಅರ್ಧ ನಿಮಿಷದಲ್ಲಿ ಬೆರಳಿಟ್ಟು ತೋರಿಸಿದ್ರೆ ಮ್ಯಾಪ್ ಚೆನ್ನಾಗಿದೆ.

ಕೌನ್ಸಿಲ್‌ಗೆ ಬರೆಯೋದು

ಒಂದು ಪುಟದ ಪತ್ರ, ಒಂದು ಮ್ಯಾಪ್. ಮೊದಲನೇ ಸಾಲಲ್ಲೇ ಪಾಲಿಸಿ ನಂಬರ್ ಅಥವಾ ಸೈಟ್ ನಂಬರ್ ಹಾಕಿ, ನಂಬರ್ ಇಲ್ಲದ ಪತ್ರ ಯಾವ ಫೈಲಿಗೂ ಸೇರಲ್ಲ. ಏನು ತಪ್ಪಾಗಿದೆ, ಸಾಕ್ಷಿ ಏನು, ಯಾವ ಪದ ಸೇರಿಸ್ಬೇಕು, ಗೆರೆ ಎಲ್ಲಿಂದ ಎಲ್ಲಿಗೆ ಸರೀಬೇಕು, ಈ ನಾಲ್ಕು. ರೆಗ್ಯುಲೇಷನ್ 19ರಲ್ಲಿದ್ರೆ ಪ್ಲಾನ್ ಗಟ್ಟಿಯಾಗಿದೆಯಾ ಅನ್ನೋದಕ್ಕೆ ನಾಲ್ಕು ಪರೀಕ್ಷೆ ಇದೆ, ಸಕಾರಾತ್ಮಕವಾಗಿ ತಯಾರಾಗಿದೆಯಾ, ಸಮರ್ಥನೆ ಇದೆಯಾ, ಕಾರ್ಯಸಾಧ್ಯಾನಾ, ರಾಷ್ಟ್ರೀಯ ನೀತಿಗೆ ಹೊಂದತ್ತಾ. ಗೆರೆ ತಪ್ಪಿದೆ ಅನ್ನೋದು ಸಾಮಾನ್ಯವಾಗಿ ಎರಡನೇದರಲ್ಲಿ ಬರತ್ತೆ, ಈಗಿನ ಬಳಕೇನೇ ತಪ್ಪಾಗಿ ಬರೆದಿದ್ರೆ ಸಮರ್ಥನೆ ಎಲ್ಲಿಂದ ಬರ್ಬೇಕು. ಇನ್‌ಸ್ಪೆಕ್ಟರ್ (ಪ್ಲಾನನ್ನ ಪರಿಶೀಲಿಸೋ ಸರ್ಕಾರದ ಅಧಿಕಾರಿ) ಮುಂದೆ ಬಂದು ಮಾತಾಡ್ತೀನಿ ಅನ್ನೋ ಬಾಕ್ಸಿಗೆ ಟಿಕ್ ಹಾಕಿ, ಬದಲಾವಣೆ ಕೇಳಿದೋರಿಗೆ ಅದು ಹಕ್ಕು.

ಮತ್ತೆ ಇದೊಂದು ತಿಳ್ಕೊಳಿ, ಗೊತ್ತಿಲ್ಲದೆ ಬಹಳ ಜನ ಮೋಸ ಹೋಗ್ತಾರೆ. ಈ ರೆಗ್ಯುಲೇಷನ್ 18, 19ರ ಪದ್ಧತೀಲಿ ಪಾಲಿಸಿ ಮ್ಯಾಪನ್ನ ಕಾನೂನು ಪ್ರಕಾರ ಪ್ಲಾನ್ ದಾಖಲೆ ಅಂತ ಪರಿಗಣಿಸಲ್ಲ, ಹಾಗಾಗಿ ಮ್ಯಾಪ್ ತಿದ್ದಿ ಅಂತ ಶಿಫಾರಸು ಮಾಡೋ ಅಧಿಕಾರ ಇನ್‌ಸ್ಪೆಕ್ಟರಿಗೆ ಇಲ್ಲ. ಅವರು ತಿದ್ದಿಸಬಹುದಾಗಿರೋದು ಪಾಲಿಸಿಯ ಬರಹ ಮಾತ್ರ, ಬರಹ ಬದಲಾದ್ರೆ ಅದಕ್ಕೆ ತಕ್ಕ ಹಾಗೆ ಮ್ಯಾಪ್ ಬದಲಾಯಿಸೋದು ಕೌನ್ಸಿಲ್ ಕೆಲಸ. ಅಂದ್ರೆ ಗೆರೆ ಸರಿಸಿ ಅಂತ ಬರೀ ಮ್ಯಾಪ್ ತೋರಿಸಿ ಕೂತ್ರೆ ಆಗಲ್ಲ, ಅದನ್ನ ಬರಹದಲ್ಲೂ ಕೇಳ್ಬೇಕು. ನಾವು ಹಾಗೇ ಮಾಡಿದ್ವಿ, ಸೈಟ್ ಪಾಲಿಸಿಯ ಈಗಿನ ಬಳಕೆ ಸಾಲಿಗೆ ಕಮ್ಯುನಿಟಿ ಹಾಲ್ ಎಫ್2 ಅಂತ ಸೇರಿಸಿ, ಷರತ್ತುಗಳಲ್ಲಿ ಅಷ್ಟೇ ವಿಸ್ತೀರ್ಣದ ಹಾಲ್ ಅದೇ ಜಾಗದಲ್ಲಿ ಉಳೀಬೇಕು ಇಲ್ಲಾ ಕಟ್ಟಿಕೊಡಬೇಕು ಅಂತ ಸೇರಿಸಿ, ಅಂತ ಎರಡು ವಾಕ್ಯ ನಾವೇ ಬರೆದುಕೊಟ್ವಿ, ಟೇಪಲ್ಲಿ ಅಳೆದ ಲೆಕ್ಕ, ವೇಳಾಪಟ್ಟಿ ಫೋಟೋ ಮತ್ತೆ ಮ್ಯಾಪ್ ಜೊತೆಗಿಟ್ವಿ. ಮುಂದಿನ ಡ್ರಾಫ್ಟ್ ಬಂದಾಗ ಗೆರೆ ಹಾಲಿನ ಹಿಂದಿನ ಗೋಡೆವರೆಗೆ ಹಿಂದೆ ಸರಿದಿತ್ತು, ಅಂಗಳ ಮಾತ್ರ ಇನ್ನೂ ಒಳಗೇ ಇತ್ತು. ಅದಕ್ಕೆ ಇನ್ನೊಂದು ಪತ್ರ ಬರೆದಿದೀವಿ, ಫುಡ್‌ಬ್ಯಾಂಕ್ ವ್ಯಾನ್ ಬುಧವಾರ ಎಲ್ಲಿ ನಿಲ್ಲತ್ತೆ, ಎಷ್ಟು ಜಾಗ ತಿರುಗಕ್ಕೆ ಬೇಕು ಅಂತ ಅಳೆದು.

ಪತ್ರ ಕಳಿಸಿದ ಮೇಲೆ ಬರೋ ಸ್ವೀಕೃತಿ ಈಮೇಲ್ ಮತ್ತೆ ನಿಮ್ಮ ನಂಬರ್ ಎತ್ತಿಡಿ, ಆಮೇಲೆ ಕೌನ್ಸಿಲ್‌ನವರು ಬಂದ ಅಭಿಪ್ರಾಯಗಳ ಸಾರಾಂಶ ಪ್ರಕಟ ಮಾಡ್ತಾರೆ, ಅದರಲ್ಲಿ ಆ ನಂಬರ್ ಹುಡುಕಿ ನಿಮ್ಮ ಮಾತನ್ನ ಸರಿಯಾಗಿ ಬರ್ಕೊಂಡಿದಾರಾ ಅಂತ ನೋಡಿ. ಕ್ಯೂಜಿಐಎಸ್ ಪ್ರಾಜೆಕ್ಟನ್ನ ಜಿಯೋಪ್ಯಾಕೇಜ್ (ಲೇಯರ್‌ಗಳನ್ನ ಇಟ್ಟಿರೋ ಫೈಲ್) ಸಮೇತ ಇನ್ನಿಬ್ಬರ ಹತ್ರ ಇಟ್ಟಿರಿ, ಹೊಸ ಡ್ರಾಫ್ಟ್ ಬಂದ ದಿನ ಹಳೇ ಗೆರೆ ಮೇಲೆ ಹೊಸ ಗೆರೆ ಇಟ್ಟು ಏನು ಸರಿದಿದೆ ಅಂತ ನೋಡಕ್ಕೆ ಅದೇ ಬೇಕಾಗೋದು.